ಗೋಡೆಗೆ ಅಳುವವರು, ಅಂಗಡಿಯವರನ್ನು ಮರೆತವರು

ಜಯನಗರ, ರಾಜಾಜಿನಗರ, ಮಲ್ಲೇಶ್ವರ, ಬಸವನಗುಡಿ – ಬೆಂಗಳೂರಿನ ಯಾವ ಹಳೆಯ ಬಡಾವಣೆಯಲ್ಲೇ ಆಗಲಿ, ಮೂಲೆಯ ದಿನಸಿ ಅಂಗಡಿಯ ಕಟ್ಟಡವೊಂದು ನೆಲಸಮವಾಯಿತೆಂದರೆ ಸಂತಾಪದ ಮಾತು ಶುರುವಾಗುತ್ತದೆ. ಒಂದು ಯುಗವೇ ಮುಗಿಯಿತು ಎನ್ನುತ್ತಾರೆ. ನಮ್ಮ ಬಾಲ್ಯವನ್ನೇ ಕೆಡವಿದರು ಎನ್ನುತ್ತಾರೆ. ಹಲಗೆ ಬಾಗಿಲಿನ ಹಳೆಯ ಫೋಟೋ ಮೊಬೈಲಿನಿಂದ ಮೊಬೈಲಿಗೆ ಹೋಗುತ್ತದೆ, ಭಾನುವಾರದ ಪುರವಣಿಯಲ್ಲಿ ನೆನಪಿನ ಲೇಖನ ಬರುತ್ತದೆ. ಈ ಶೋಕಕ್ಕೆ ತಲೆದೂಗದವರು ಭಾವನೆಯಿಲ್ಲದವರು, ಬಿಲ್ಡರುಗಳ ಪರ ಇರುವವರು ಎಂಬ ಅಭಿಪ್ರಾಯ ಎಷ್ಟು ಗಟ್ಟಿಯಾಗಿದೆಯೆಂದರೆ, ಬೇರೆ ಮಾತು ಆಡಲು ಯಾರೂ ಮುಂದೆ ಬರುವುದಿಲ್ಲ. ನಾನು ಆಡುತ್ತೇನೆ. ಈ ಹಳಹಳಿಕೆ ಸುಳ್ಳು ಚಿತ್ರವನ್ನು ನಂಬಿದೆ. ಕಟ್ಟಡ ಬಿದ್ದದ್ದಕ್ಕೆ ಅದು ಕೊಡುವ ಕಾರಣವೂ ಸರಿಯಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಇವತ್ತು ಅದೇ ಮೂಲೆಯಲ್ಲಿ ಹೊಟ್ಟೆಪಾಡಿಗೆ ಹೆಣಗುತ್ತಿರುವ ಸಣ್ಣ ವ್ಯಾಪಾರಿಯನ್ನು ಅದು ಕಣ್ಣೆತ್ತಿಯೂ ನೋಡುವುದಿಲ್ಲ.

ಯಾವ ಕಟ್ಟಡದ ಮಾತಿದು? 1945ರಲ್ಲಿ ಬೆಂಗಳೂರಿಗೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಬಂತು. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿತ್ತು, ಅದೇ ಹೊತ್ತಿನಲ್ಲಿ ರಾಜಾಜಿನಗರವೂ ರೂಪುಗೊಂಡಿತು. ಈ ಬಡಾವಣೆಗಳ ಮೂಲೆ ಸೈಟುಗಳಲ್ಲಿ ಮುಂದಿನ ಹತ್ತಿಪ್ಪತ್ತು ವರ್ಷಗಳಲ್ಲಿ ಎದ್ದ ಕಟ್ಟಡಗಳಿಗೆ ಹೆಚ್ಚುಕಡಿಮೆ ಒಂದೇ ಚಹರೆ. ಕೆಳಗೆ ರಸ್ತೆಗೆ ಮುಖ ಮಾಡಿದ ಎರಡು ಮೂರು ಮಳಿಗೆ, ಮೇಲೆ ಮಾಲೀಕರ ಮನೆ. ಒಂದು ಮಳಿಗೆಯಲ್ಲಿ ದಿನಸಿ, ಪಕ್ಕದಲ್ಲಿ ಹಿಟ್ಟಿನ ಗಿರಣಿಯೋ ಸೈಕಲ್ ಷಾಪೋ. ಬಾಗಿಲೆಂದರೆ ಹೊಸ್ತಿಲಿನ ತೋಡಿನಲ್ಲಿ ಒಂದೊಂದಾಗಿ ಕೂರಿಸುವ ಹಲಗೆಗಳು. ಅದಲುಬದಲಾಗದಿರಲೆಂದು ಪ್ರತಿ ಹಲಗೆಯ ಮೇಲೂ ಬಣ್ಣದಲ್ಲಿ ಬರೆದ ಅಂಕಿ. ಒಳಗೆ ಬಾಯಿ ಮಡಚಿಟ್ಟ ಗೋಣಿಚೀಲಗಳು, ಪೊಟ್ಟಣ ಕಟ್ಟಲು ಮೇಲಿನಿಂದ ಇಳಿಬಿಟ್ಟ ದಾರದ ಉಂಡೆ, ತಕ್ಕಡಿ, ಗಲ್ಲಾಪೆಟ್ಟಿಗೆ, ಹಿಂದೆ ಒಂದು ಏಣಿ, ಏಣಿಯ ಮೇಲೆ ಅಟ್ಟ. ನೋಡಲು ಚೆಂದವಿತ್ತು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಚೆಂದ ನೋಡುತ್ತ ನಿಂತವರ ಕಣ್ಣಿನದು. ಮೊರ ಹಿಡಿದು ಕೂತವರಿಗೆ, ಅಟ್ಟದ ಮೇಲೆ ಮಲಗಿದವರಿಗೆ ಅದೇ ಅಂಗಡಿ ಬೇರೆಯಾಗಿಯೇ ಕಂಡಿರಬೇಕು.

ಮೊದಲು ಶುದ್ಧತೆಯ ಮಾತನ್ನೇ ತೆಗೆದುಕೊಳ್ಳೋಣ. ಆಗ ಏನು ಕೊಂಡರೂ ಅಪ್ಪಟ, ಈಗೆಲ್ಲ ಪ್ಲಾಸ್ಟಿಕ್ಕು ಎನ್ನುವವರು ತಮ್ಮ ಮನೆಯ ಮಧ್ಯಾಹ್ನಗಳನ್ನು ನೆನಪು ಮಾಡಿಕೊಳ್ಳಲಿ. ತಿಂಗಳ ಮೊದಲ ವಾರ ಸಾಮಾನು ಬಂದಿತೆಂದರೆ ಮನೆಯ ಹೆಂಗಸರಿಗೆ ದಿನಗಟ್ಟಲೆ ಬೇರೆ ಕೆಲಸವಿರಲಿಲ್ಲ. ಊಟದ ಪಾತ್ರೆ ತೊಳೆದಿಟ್ಟು, ಹಜಾರದ ಬೆಳಕಿನಲ್ಲಿ ಮೊರ ಹಿಡಿದು ಕೂರಬೇಕು. ಅಕ್ಕಿಯಲ್ಲಿ ಬಿಳಿ ಕಲ್ಲು, ಭತ್ತದ ಕಾಳು. ಬೇಳೆಯಲ್ಲಿ ಕಸ. ರಾಗಿಯಲ್ಲಿ ಮಣ್ಣು. ಧನಿಯದಲ್ಲಿ ಕಡ್ಡಿ. ಕೇರಬೇಕು, ಕೊಂಗಬೇಕು, ಆರಿಸಬೇಕು. ಗೋಧಿಯನ್ನು ತೊಳೆದು ತಾರಸಿಯ ಮೇಲೆ ಹಳೆ ಪಂಚೆ ಹಾಸಿ ಒಣಗಿಸಬೇಕು, ಮಳೆ ಹನಿದರೆ ಓಡಬೇಕು, ಒಣಗಿದ್ದನ್ನು ಡಬ್ಬಕ್ಕೆ ತುಂಬಿ ಗಿರಣಿಗೆ ಹೊತ್ತು ಸರದಿಯಲ್ಲಿ ನಿಲ್ಲಬೇಕು. ಮೂಟೆಯಲ್ಲಿ ಸೇರಿ ಬಂದ ಕಲ್ಲಿಗೆ ಗಂಡಸರು ದುಡ್ಡು ಕೊಟ್ಟರು. ಅದನ್ನು ಆರಿಸುವುದಕ್ಕೆ ಹೆಂಗಸರು ಕಣ್ಣು ಕೊಟ್ಟರು. ಅರವತ್ತು ದಾಟಿದ ಅಜ್ಜಿ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಕಲ್ಲು ಹುಡುಕುವ ದೃಶ್ಯವೂ ಇವತ್ತು ನೆನಪಿನ ಲೇಖನಗಳಲ್ಲಿ ಮುದ್ದಾದ ಚಿತ್ರವಾಗಿ ಬರುತ್ತದೆ. ಅವರ ಬೆನ್ನುನೋವಿನ ಬಗ್ಗೆ ಅಲ್ಲಿ ಒಂದು ಸಾಲೂ ಇರುವುದಿಲ್ಲ.

ಆಹಾರ ಕಲಬೆರಕೆ ತಡೆ ಕಾಯ್ದೆ ಬಂದದ್ದು 1954ರಲ್ಲಿ, ಈ ಕಟ್ಟಡಗಳು ಏಳುತ್ತಿದ್ದ ಕಾಲದಲ್ಲೇ. ಕಲಬೆರಕೆ ಇಲ್ಲದ ನಾಡಿನಲ್ಲಿ ಅಂಥ ಕಾಯ್ದೆ ಯಾಕೆ ಬೇಕಿತ್ತು? ಊರಿಗೊಂದು ಅಳತೆಯಿದ್ದ ಸೇರು-ಪಾವುಗಳನ್ನು ಬಿಡಿಸಿ 1958ರಿಂದ ಹಂತ ಹಂತವಾಗಿ ಕಿಲೋ ತೂಕ ತಂದದ್ದು, ತೂಕದ ಬಟ್ಟುಗಳಿಗೆ ಸರಕಾರಿ ಮುದ್ರೆ ಹಾಕಿಸಬೇಕೆಂದದ್ದು, ಪೊಟ್ಟಣದ ಮೇಲೆ ಒಳಗಿರುವ ತೂಕವನ್ನೂ ಬೆಲೆಯನ್ನೂ ನಮೂದಿಸಬೇಕೆಂದು 1977ರಲ್ಲಿ ನಿಯಮ ಮಾಡಿದ್ದು – ಇವೆಲ್ಲ ಕೊಳ್ಳುವವರು ಅನುಭವಿಸಿದ ಮೋಸಕ್ಕೆ ಸಿಕ್ಕ ಉತ್ತರಗಳು. ಎಲ್ಲ ಅಂಗಡಿಯವರೂ ಮೋಸಗಾರರಾಗಿದ್ದರು ಎಂದು ನಾನು ಹೇಳುತ್ತಿಲ್ಲ. ಬಹಳ ಮಂದಿ ಮರ್ಯಾದಸ್ಥರು. ಆದರೆ ಅವರು ಮರ್ಯಾದಸ್ಥರಾಗಿದ್ದರಷ್ಟೇ ನಮಗೆ ಸರಿಯಾದ ತೂಕ ಸಿಗುತ್ತಿತ್ತು, ಇಲ್ಲದಿದ್ದರೆ ಕೇಳುವವರಿರಲಿಲ್ಲ. ಅಂಥ ವ್ಯವಸ್ಥೆಯನ್ನು ನಂಬಿಕೆಯ ಕಾಲ ಎಂದು ಕರೆಯುವುದು ಸರಿಯಲ್ಲ.

ಅಭಾವದ ದಿನಗಳೂ ಅಷ್ಟೇ ಬೇಗ ಮರೆತುಹೋಗಿವೆ. 1965–66ರ ಬರದ ವರ್ಷಗಳಲ್ಲಿ ನಾಡು ಅಮೆರಿಕದಿಂದ ಪಿಎಲ್-480 ಒಪ್ಪಂದದಡಿ ಬಂದ ಗೋಧಿಯನ್ನು ನೆಚ್ಚಿಕೊಂಡಿತ್ತು. ಸೊಸೈಟಿಯಲ್ಲಿ ಸಕ್ಕರೆಗೆ ಸಾಲು, ಸೀಮೆಎಣ್ಣೆಗೆ ಸಾಲು. ಇಂಥ ಹೊತ್ತಿನಲ್ಲಿ ಮೂಲೆಯ ಅಂಗಡಿಯವರ ಪರಿಚಯ ಎನ್ನುವುದು ಬರೀ ಪರಿಚಯವಾಗಿರಲಿಲ್ಲ. ಹಬ್ಬದ ಹಿಂದಿನ ದಿನ ಒಬ್ಬರಿಗೆ 'ಸ್ಟಾಕಿಲ್ಲ' ಎಂದ ಅದೇ ಅಂಗಡಿಯ ಹಿಂಬದಿಯಿಂದ ಇನ್ನೊಬ್ಬರ ಮನೆಗೆ ಎರಡು ಕಿಲೋ ಸಕ್ಕರೆ ಹೋಗುತ್ತಿತ್ತು. 'ಶೆಟ್ಟರಿಗೆ ನಮ್ಮ ತಂದೆ ಚೆನ್ನಾಗಿ ಗೊತ್ತಿತ್ತು' ಎಂದು ಹೆಮ್ಮೆಯಿಂದ ನೆನೆಯುವವರು, ಗೊತ್ತಿಲ್ಲದವರು ಬರಿಗೈಯಲ್ಲಿ ಹೋದದ್ದನ್ನೂ ನೆನೆಯಬೇಕು.

ಉದ್ರಿಯ ಕತೆಯೂ ಬೇರೆಯಲ್ಲ. ಹಳೆಯ ಅಂಗಡಿಯ ಬಗ್ಗೆ ಬರೆದ ಯಾವ ಲೇಖನವೂ ಲೆಕ್ಕದ ಪುಸ್ತಕವನ್ನು ಬಿಡುವುದಿಲ್ಲ. 'ಬರ್ಕೊಳ್ಳಿ ಶೆಟ್ರೇ' ಎಂದರೆ ಸಾಕಿತ್ತಂತೆ, ತಿಂಗಳ ಕೊನೆಗೆ ಕೊಟ್ಟರೆ ಆಯಿತಂತೆ. ಯಾರಿಗೆ ಸಾಕಿತ್ತು? ಐಟಿಐ, ಎಚ್‌ಎಎಲ್, ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳಲ್ಲಿ, ಸೆಕ್ರೆಟೇರಿಯಟ್ಟಿನಲ್ಲಿ, ಬ್ಯಾಂಕಿನಲ್ಲಿ ಒಂದನೇ ತಾರೀಕು ಸಂಬಳ ಎಣಿಸುವವರಿಗೆ. ಅವರ ಮನೆಯಲ್ಲಿ ಪಾತ್ರೆ ತೊಳೆಯುವ ಹೆಂಗಸು ಸಂಜೆ ಬಂದು ಬಾಟಲಿಯ ತಳಕ್ಕೆ ಎಣ್ಣೆ, ಒಂದು ಚೂರು ಬೆಲ್ಲ, ಒಂದು ಪೊಟ್ಟಣ ಕಾಫಿಪುಡಿ ಕೇಳಿದರೆ ಮೊದಲು ಚಿಲ್ಲರೆ ಮೇಜಿನ ಮೇಲಿಡಬೇಕಿತ್ತು. ಗಲ್ಲಾದ ಮೇಲೆ ಮೊಳೆ ಹೊಡೆದು ತೂಗುಹಾಕಿದ್ದ 'ಇಂದು ನಗದು, ನಾಳೆ ಉದ್ರಿ' ಎಂಬ ಬೋರ್ಡು ಓದಬೇಕಾದವರು ಅವರೇ. ಅಷ್ಟಷ್ಟೇ ಕೊಳ್ಳುವವರಿಗೆ ಬೆಲೆಯೂ ಹೆಚ್ಚೇ ಬೀಳುತ್ತಿತ್ತು. ಇಡೀ ಬಡಾವಣೆ ಒಂದು ಕುಟುಂಬದಂತಿತ್ತು ಎನ್ನುವವರ ನೆನಪಿನಲ್ಲಿ ಅಂಗಡಿಯ ಮೆಟ್ಟಿಲಿನ ಕೆಳಗೆ, ಸ್ವಲ್ಪ ದೂರದಲ್ಲಿ, ತಮ್ಮ ಸರದಿ ಬರುವತನಕ ನಿಂತಿದ್ದ ಆ ಜನ ಇಲ್ಲ.

ಇನ್ನು ಅಟ್ಟ. ಆ ಅಟ್ಟವನ್ನು ಫೋಟೋ ತೆಗೆದವರನ್ನು ನಾನು ಕಂಡಿಲ್ಲ. ಬೇಳೆ ಮೂಟೆಗಳ ನಡುವೆ ಒಂದು ಚಾಪೆ, ಗೋಡೆಗೆ ಬಡಿದ ಮೊಳೆಗೆ ಒಂದು ಅಂಗಿ, ತಗಡಿನ ಒಂದು ಟ್ರಂಕು. ತಲೆ ಎತ್ತಿದರೆ ಜಂತೆಗೆ ಬಡಿಯುವಷ್ಟು ಎತ್ತರ. ಊರಿನಿಂದ ಯಾರೋ ಸಂಬಂಧಿಕರ ಕೈಹಿಡಿದು ಬಂದ ಹುಡುಗ ಅಲ್ಲಿ ಮಲಗಿ ಏಳುತ್ತಿದ್ದ. ನಸುಕಿಗೆ ಎದ್ದು ಅಂಕಿ ನೋಡಿ ಹಲಗೆ ತೆಗೆಯುವವನು ಅವನೇ, ರಾತ್ರಿ ಅಂಕಿ ನೋಡಿ ಹಲಗೆ ಹಾಕುವವನೂ ಅವನೇ. ನಡುವಿನ ಅಷ್ಟೂ ಹೊತ್ತು ನಿಂತೇ ಇರಬೇಕು. ಓದಬೇಕಾದ ವಯಸ್ಸಿನಲ್ಲಿ ಪೊಟ್ಟಣ ಕಟ್ಟಿ, ನಮ್ಮ ಮನೆಗಳಿಗೆ ಸಾಮಾನು ಹೊತ್ತು, ಸಂಬಳವೆಷ್ಟೆಂದು ತಾನೇ ತಿಳಿಯದ ಹುಡುಗರು ಎಷ್ಟು ಮಂದಿ! ಮೈಸೂರು ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರಲ್ಲಿ ಬಂತು. ಕೆಲಸದ ಗಂಟೆ, ವಾರದ ರಜೆ ಕಾಗದದ ಮೇಲೆ ಗೊತ್ತಾದವು. ಅಟ್ಟದ ಹುಡುಗನಿಗೆ ಅದು ಮುಟ್ಟಿದ್ದು ಕಡಿಮೆ. ಅಂಗಡಿಯಲ್ಲಿ ಕೆಲಸ ಮಾಡುವವರಿಗೆ ಕೂರಲು ಆಸನ ಕೊಡಲೇಬೇಕು ಎಂಬ ಕಾನೂನನ್ನು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಮಾಡಿದವು. ಅಂದರೆ ಕೂರುವ ಹಕ್ಕಿಗಾಗಿ ಅಂಗಡಿ ಕೆಲಸಗಾರರು ಅಷ್ಟು ವರ್ಷ ಕಾಯಬೇಕಾಯಿತು. ಹಳೆಯ ಕಟ್ಟಡದ ಕಲ್ಲುಗಂಬವನ್ನು ಪ್ರೀತಿಯಿಂದ ವರ್ಣಿಸುವ ಲೇಖನಗಳಲ್ಲಿ ಆ ಕಂಬಕ್ಕೊರಗಿ ಒಂದು ಗಳಿಗೆ ಕಾಲಿನ ಭಾರ ಇಳಿಸಿಕೊಳ್ಳುತ್ತಿದ್ದ ಹುಡುಗ ಎಲ್ಲೂ ಕಾಣಿಸುವುದಿಲ್ಲ. ನನಗೆ ಸಿಟ್ಟು ಬರುವುದು ಇಲ್ಲಿ.

ಕಟ್ಟಡ ಉಳಿಸಿ ಎನ್ನುವವರ ಇನ್ನೊಂದು ವಾದವಿದೆ: ಅದು ಪರಂಪರೆ. ಪರಂಪರೆಗೆ ನಾನು ವಿರೋಧಿಯಲ್ಲ. ಆದರೆ ಹಳೆಯ ಸೂರಿನ ಕೆಳಗೆ ದಿನವಿಡೀ ಇರುವವರು ಬೇರೆ, ಅದರ ಎದುರು ನಿಂತು ಮೆಚ್ಚುವವರು ಬೇರೆ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಸತ್ತರು. ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರ ಆಗಸ್ಟ್‌ನಲ್ಲಿ ಕುಸಿಯಿತು. ಅಷ್ಟು ಹೆಸರಾದ ಕಟ್ಟಡಗಳ ಗತಿಯೇ ಹೀಗಿರುವಾಗ, ಬಡಾವಣೆಯ ಮೂಲೆಯ ಮದ್ರಾಸ್ ತಾರಸಿಯ ತೊಲೆಗೆ ಗೆದ್ದಲು ಹಿಡಿದರೆ ನೋಡುವವರು ಯಾರು? ಸೋರುವ ಸೂರಿನ ಕೆಳಗೆ ಅಕ್ಕಿ ಮೂಟೆಗೆ ಟಾರ್ಪಾಲು ಹೊದಿಸಿ ಮಳೆಗಾಲ ಕಳೆದವರನ್ನು ಕೇಳಿದರೆ ಪರಂಪರೆಯ ಬಗ್ಗೆ ಬೇರೆಯೇ ಮಾತು ಕೇಳಿಸೀತು.

ನಿಜವಾಗಿ ಉಳಿಸಬೇಕೆಂದಿದ್ದರೆ ಉಳಿಸುವ ದಾರಿಯೂ ಇತ್ತು. ಮೈಸೂರಿನ ಯಾದವಗಿರಿಯಲ್ಲಿ ಆರ್. ಕೆ. ನಾರಾಯಣ್ ಕಟ್ಟಿಸಿದ ಮನೆಯನ್ನು 2011ರಲ್ಲಿ ಕೆಡವಲು ಶುರು ಮಾಡಿದಾಗ ಊರು ಎದ್ದು ನಿಂತಿತು. ಕೆಲಸ ನಿಂತಿತು, ಸಾರ್ವಜನಿಕ ಹಣದಲ್ಲಿ ಕೊಂಡು, ದುರಸ್ತಿ ಮಾಡಿ, 2016ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದರು. ಅದೂ ಇಪ್ಪತ್ತನೆಯ ಶತಮಾನದ ನಡುವಿನ ಕಟ್ಟಡವೇ. ಮಾಲೀಕರಿಗೆ ಬೆಲೆ ಕೊಟ್ಟು ಪಡೆದದ್ದು ಉಳಿಯಿತು. ಅಂಗಡಿ ಕಟ್ಟಡಕ್ಕೆ ಅಳುವವರು ಯಾವತ್ತಾದರೂ ಒಂದು ಅರ್ಜಿ ಬರೆದು, ನಗರಪಾಲಿಕೆಯ ಮುಂದೆ ನಿಂತು, ಇದನ್ನು ಕೊಂಡು ಬಡಾವಣೆಯ ಸಹಕಾರಿ ಅಂಗಡಿ ಮಾಡಿ ಎಂದು ಕೇಳಿದ್ದಾರೆಯೇ? ಜೆಸಿಬಿ ಬಂದ ದಿನವೇ ಅವರ ಪ್ರೀತಿ ಎಚ್ಚರವಾಗುತ್ತದೆ.

ಕಟ್ಟಡ ಯಾಕೆ ಬಿತ್ತು ಎಂಬ ಪ್ರಶ್ನೆಗೆ ಈ ಲೇಖನಗಳಲ್ಲಿ ಸಿಗುವ ಉತ್ತರ ಒಂದೇ: ದುರಾಸೆ. ಬಿಲ್ಡರಿನ ದುರಾಸೆ, ಮಕ್ಕಳ ದುರಾಸೆ. ಇದು ಸೋಮಾರಿ ಉತ್ತರ. ಆ ಮಳಿಗೆಗಳು ಅಷ್ಟು ವರ್ಷ ನಿಂತದ್ದಕ್ಕೆ ಮುಖ್ಯ ಕಾರಣ ಬಾಡಿಗೆ. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ನೆರಳಿನಲ್ಲಿ ಬಾಡಿಗೆದಾರನನ್ನು ಬಿಡಿಸುವುದು ಸುಲಭವಿರಲಿಲ್ಲ, ಬಾಡಿಗೆ ಏರಿಸುವುದೂ ಸುಲಭವಿರಲಿಲ್ಲ. ಅಂಗಡಿಯವರು ಬದುಕಿದರು, ಮಾಲೀಕರು ಕಟ್ಟಡಕ್ಕೆ ಸುಣ್ಣ ಬಳಿಸುವುದನ್ನೂ ಬಿಟ್ಟರು. 1999ರ ಹೊಸ ಕಾಯ್ದೆ 2001ರ ಡಿಸೆಂಬರ್ ಕೊನೆಗೆ ಜಾರಿಗೆ ಬಂದಾಗ ವಾಣಿಜ್ಯ ಮಳಿಗೆಗಳಲ್ಲಿ 14 ಚದರ ಮೀಟರು ಮೀರದ ಚಿಕ್ಕವು ಮಾತ್ರ ಅದರ ರಕ್ಷಣೆಯಲ್ಲಿ ಉಳಿದವು. ಅದಕ್ಕಿಂತ ಒಂದು ಗೇಣು ದೊಡ್ಡದಾದ ಅಂಗಡಿ ಮಾಲೀಕರ ಮರ್ಜಿಗೆ ಬಿತ್ತು. ಈ ಕಾನೂನು ಬದಲಾದಾಗ ಅದರ ಬಿಸಿ ತಟ್ಟಿದ್ದು ವ್ಯಾಪಾರಿಗಳಿಗೇ ಹೊರತು ನೆನಪಿನ ಲೇಖನ ಬರೆಯುವವರಿಗಲ್ಲ.

ಇನ್ನೊಂದು ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಒಂದು ಮೂಲೆ ಸೈಟು ಅರವತ್ತು ವರ್ಷ ಒಡೆಯದೆ ಉಳಿದದ್ದು ಮನೆಯ ಹೆಣ್ಣುಮಕ್ಕಳು ಪಾಲು ಕೇಳದಿದ್ದುದರಿಂದ. ಕೇಳಲು ಕಾನೂನಿನ ಬಲವೂ ಸಾಲದಿದ್ದುದರಿಂದ. 1994ರಲ್ಲಿ ಕರ್ನಾಟಕದ ತಿದ್ದುಪಡಿ, 2005ರಲ್ಲಿ ಇಡೀ ದೇಶದ ತಿದ್ದುಪಡಿ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟವು. ಅರವತ್ತು ಅಡಿ–ನಲವತ್ತು ಅಡಿಯ ಸೈಟನ್ನು ಐದು ಮಕ್ಕಳಿಗೆ ಹಂಚುವುದೆಂದರೆ ಮಾರಲೇಬೇಕು, ಇಲ್ಲವೇ ಕೆಡವಿ ಮಹಡಿ ಏರಿಸಬೇಕು. ಹಾಗೆ ಮಾರಿದ ಹಣದಲ್ಲಿ ಗಂಡ ತೀರಿಕೊಂಡ ಅಕ್ಕ ಒಬ್ಬಳು ತನ್ನದೇ ಒಂದು ಮನೆ ಮಾಡಿಕೊಂಡಿದ್ದರೆ, ಆ ಕಟ್ಟಡ ಬಿದ್ದದ್ದಕ್ಕೆ ನಾನು ಅಳಲಾರೆ. ಅದನ್ನು ದುರಾಸೆ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಎದುರಾಳಿಗಳ ಒಂದು ಮಾತು ಉಳಿಯುತ್ತದೆ, ಅದು ಗಟ್ಟಿಯಾದ ಮಾತು. ಆ ಅಂಗಡಿಯ ಕಟ್ಟೆಯಲ್ಲಿ ಒಂಟಿ ಮುದುಕರು ಅರ್ಧ ಗಂಟೆ ಕೂತು ಪೇಪರು ಓದುತ್ತಿದ್ದರು. ಹೊರಗೆ ಹೋಗಲು ಬೇರೆ ನೆಪವಿಲ್ಲದ ಸೊಸೆಯರು ಕೊತ್ತಂಬರಿಯ ನೆಪದಲ್ಲಿ ಬಂದು ಇನ್ನೊಬ್ಬರ ಜೊತೆ ಮಾತಾಡುತ್ತಿದ್ದರು. ಮಗುವಿನ ಕೈಗೆ ಚೀಟಿ ಕೊಟ್ಟು ಕಳಿಸಿದರೆ ಮಗು ಜೋಪಾನವಾಗಿ ವಾಪಸು ಬರುತ್ತಿತ್ತು. ಎರಡು ದಿನ ಯಾರಾದರೂ ಕಾಣದಿದ್ದರೆ ಅಂಗಡಿಯವರು ವಿಚಾರಿಸುತ್ತಿದ್ದರು. ಇದೆಲ್ಲ ನಿಜ, ಇದೆಲ್ಲ ಬೆಲೆಬಾಳುವಂಥದು. ಆದರೆ ಇದನ್ನು ಕೊಟ್ಟದ್ದು ಕೆಂಪು ಗಾರೆಯ ನೆಲವೂ ಅಲ್ಲ, ಅಂಕಿ ಬರೆದ ಹಲಗೆಯೂ ಅಲ್ಲ. ಸಣ್ಣ ವ್ಯಾಪಾರಿಗೆ ಎಟುಕುವ ಬಾಡಿಗೆ, ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಅಂಗಡಿ, ದಿನಾ ನಡೆದು ಹೋಗುವ ಗಿರಾಕಿ – ಈ ಮೂರೂ ಕೂಡಿದ್ದಕ್ಕೆ ಅದು ಸಾಧ್ಯವಾಯಿತು. ಇವತ್ತಿಗೂ ಅದು ಸಾಧ್ಯ. ಅದಕ್ಕೆ ಅಡ್ಡ ಬಂದಿರುವವರಲ್ಲಿ ಈ ಶೋಕಾಚರಣೆಯವರೂ ಇದ್ದಾರೆ.

ವಸತಿ ಪ್ರದೇಶದ 40 ಅಡಿಗಿಂತ ಕಿರಿದಾದ ರಸ್ತೆಗಳಲ್ಲಿ ವಾಣಿಜ್ಯ ಚಟುವಟಿಕೆ ಬೇಡವೆಂದು ಬೆಂಗಳೂರಿನ ನಿವಾಸಿ ಸಂಘಗಳು ವರ್ಷಗಟ್ಟಲೆ ಹೋರಾಡಿದವು. ಪಬ್ಬು, ಷೋರೂಮು, ಕಾರುಗಳ ಕಾಟಕ್ಕೆ ಬೇಸತ್ತ ಹೋರಾಟ ಅದು. ಆ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಅದೇ ಬಲೆಗೆ ಹತ್ತಡಿಯ ದಿನಸಿ ಅಂಗಡಿಯೂ ಬೀಳುತ್ತದೆಯಲ್ಲ, ಅದಕ್ಕೊಂದು ವಿನಾಯಿತಿ ಇರಲಿ ಎಂದು ಅಷ್ಟೇ ಗಟ್ಟಿಯಾಗಿ ಕೂಗಿದವರು ಎಷ್ಟು ಮಂದಿ? 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆಯ ನೋಟಿಸುಗಳು ಬೇಕರಿ, ತರಕಾರಿ, ಬೀಡಾ ಅಂಗಡಿಗಳಿಗೆ ಬಂದವು. ಹೆದರಿದ ವ್ಯಾಪಾರಿಗಳು ಕ್ಯೂಆರ್ ಕೋಡ್ ಕಿತ್ತು 'ನಗದು ಮಾತ್ರ' ಎಂದು ಚೀಟಿ ಅಂಟಿಸಿದರು. ಆಗ ನಮ್ಮ ಬಡಾವಣೆಗಳಲ್ಲಿ ಕೇಳಿಬಂದ ದೂರು ಏನು? ಚಿಲ್ಲರೆ ಹುಡುಕುವ ತಾಪತ್ರಯ ಎಂದು. ಹತ್ತು ನಿಮಿಷದಲ್ಲಿ ಬಾಗಿಲಿಗೇ ಹಾಲು-ಮೊಸರು ತರಿಸಿಕೊಳ್ಳುವ ಮನೆಗಳಿಂದಲೇ ಮೂಲೆಯಂಗಡಿಯ ಮೇಲಿನ ಪ್ರೇಮದ ಮಾತು ಹೊರಡುತ್ತದೆ. ಗಿರಾಕಿ ಕೈಬಿಟ್ಟ ಅಂಗಡಿ ಕಟ್ಟಡ ಕೆಡವುವ ಮೊದಲೇ ಸತ್ತಿರುತ್ತದೆ. ಜೆಸಿಬಿ ಆಮೇಲೆ ಬರುತ್ತದೆ.

ನೆನಪಿನ ಲೇಖನಗಳಲ್ಲಿ ಅಂಗಡಿಯವರ ಮುಂದಿನ ಪಾಡು ಇರುವುದಿಲ್ಲ. ಮಾಲೀಕರಿಗೆ ಸೈಟಿನ ಬೆಲೆ ಬಂತು, ಬಿಲ್ಡರಿಗೆ ಮಹಡಿಗಳು ಸಿಕ್ಕವು, ಬರೆದವರಿಗೆ ಲೇಖನವಾಯಿತು. ಬಾಡಿಗೆದಾರರಾಗಿದ್ದ ಅಂಗಡಿಯವರು ಎಲ್ಲಿ ಹೋದರು? ಹೊಸ ಕಟ್ಟಡದ ಕೆಳಗಿನ ಮಳಿಗೆಯ ಅಡ್ವಾನ್ಸು ಅವರ ಕೈಗೆಟುಕುವುದಿಲ್ಲ. ಕೆಲವರು ಊರ ಹೊರಗಿನ ಬಡಾವಣೆಗೆ ಹೋಗಿ ಮತ್ತೆ ಮೊದಲಿನಿಂದ ಶುರು ಮಾಡಿದರು, ಕೆಲವರು ಬಾಗಿಲು ಹಾಕಿ ಮಗನ ಸಂಬಳದ ಮೇಲೆ ಕೂತರು. ಅಟ್ಟದ ಹುಡುಗರ ವಿಚಾರವಂತೂ ಬಿಡಿ.

ಈಗ ಅದೇ ಮೂಲೆಗೆ ಬನ್ನಿ. ಹೊಸ ಕಟ್ಟಡದ ಪಕ್ಕದಲ್ಲಿ, ಮರದ ಕೆಳಗೆ, ತಳ್ಳುಗಾಡಿಯಲ್ಲಿ ಸೊಪ್ಪು ಮಾರುವ ಹೆಂಗಸು ಬೆಳಿಗ್ಗೆ ಆರಕ್ಕೆ ಬಂದು ನಿಲ್ಲುತ್ತಾಳೆ. ಅವಳಿಗೂ ನಿಮ್ಮ ಮನೆಗೆ ಯಾವ ಸೊಪ್ಪು ಹಿಡಿಸುತ್ತದೆಂದು ಗೊತ್ತು. ಅವಳೂ ಎರಡು ದಿನ ಕಾಣದಿದ್ದರೆ ವಿಚಾರಿಸುತ್ತಾಳೆ, ಚಿಲ್ಲರೆ ಇಲ್ಲದಿದ್ದರೆ 'ನಾಳೆ ಕೊಡಿ ಅಕ್ಕಾ' ಎನ್ನುತ್ತಾಳೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಅವಳಿಗೆ ಗುರುತಿನ ಚೀಟಿ ಕೊಡಬೇಕು, ಸಮೀಕ್ಷೆ ಮಾಡದೆ ಎಬ್ಬಿಸಬಾರದು, ಜಾಗ ಗೊತ್ತುಪಡಿಸಲು ವ್ಯಾಪಾರಿಗಳೂ ಇರುವ ಪಟ್ಟಣ ಮಾರಾಟ ಸಮಿತಿ ಇರಬೇಕು ಎನ್ನುತ್ತದೆ. ಆದರೂ ಫುಟ್‌ಪಾತ್ ತೆರವು ಮಾಡಿ ಎಂಬ ದೂರು ಹೋದ ಮರುದಿನ ಅವಳ ತಕ್ಕಡಿ ಲಾರಿ ಏರುತ್ತದೆ. ಆ ದೂರಿಗೆ ಸಹಿ ಹಾಕುವವರು ಹೊರಗಿನವರಲ್ಲ. ಮೂಲೆಯಂಗಡಿಯ ಫೋಟೋ ನೋಡಿ ಕಣ್ಣೀರು ಹಾಕಿದ ಅದೇ ಬಡಾವಣೆಯವರು.

ಹಾಗಾಗಿ, ಆ ಹಳೆಯ ಅಂಗಡಿಯ ಮೇಲೆ ನಿಮಗೆ ನಿಜವಾಗಿ ಪ್ರೀತಿಯಿದ್ದರೆ ಮೂರು ಕೆಲಸ ಮಾಡಿ. ನಿಮ್ಮ ನಿವಾಸಿ ಸಂಘದ ಮುಂದಿನ ಸಭೆಯಲ್ಲಿ ತಳ್ಳುಗಾಡಿ ಎಬ್ಬಿಸುವ ಅರ್ಜಿ ಬಂದರೆ ಅದಕ್ಕೆ ಸಹಿ ಹಾಕಬೇಡಿ. ನಿಮ್ಮ ವಾರ್ಡಿನ ಬೀದಿ ವ್ಯಾಪಾರಿಗಳಿಗೆ ಗುರುತಿನ ಚೀಟಿ ಸಿಕ್ಕಿದೆಯೇ, ಜಾಗ ಗೊತ್ತಾಗಿದೆಯೇ ಎಂದು ಪಾಲಿಕೆಯನ್ನು ಬರವಣಿಗೆಯಲ್ಲಿ ಕೇಳಿ. ಹೊಸ ಕಟ್ಟಡ ಕಟ್ಟುವವರು ನೀವೇ ಆಗಿದ್ದರೆ, ಕೆಳಗೊಂದು ಸಣ್ಣ ಮಳಿಗೆ ಬಿಟ್ಟು, ಹಿಂದೆ ಅಲ್ಲಿದ್ದ ಬಾಡಿಗೆದಾರರನ್ನೇ ಮೊದಲು ಕರೆಯಿರಿ.